ಎಡಗಿವಿಯ ನಿಶಾನಿ

ಬುಟ್ಟಿಯ ಮಣ್ಣಿಗೆ ಕೈ ಹಾಕಿದ ಪರಿಮಳಾಳ ಮುಂಗೈಯನ್ನು ವೆಂಕಪ್ಪ ಹಿಡಿದುಕೊಂಡ.

"ತಡಿಯವ್ವಾ. ಮೊದಲ ಮಣ್ಣು ಮನಿತನದ ರಕ್ತದವ್ರು ಹಾಕಬೇಕು. ಬಸಲಿಂಗ ಬರಾಕತ್ತಾನ."

ಬಸಲಿಂಗ ವೆಂಕಪ್ಪನ ಮಗ. ಮಣ್ಣು ಮಾಡಲು ಕುಣಿಯೊಳಗೆ ಮಲಗಿಸಿದ್ದ ಮೋನಮ್ಮನಿಗೆ ಮೈದುನನ ಮಗ. ಪರಿಮಳಾ ಮೋನಮ್ಮ ಸಾಕಿದ ಮಗಳು. ಕಡೇಚೂರಿಗೆ ಕೂಲಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಹೆತ್ತು ತೀರಿಕೊಂಡಾಗ, ಕುರಿ ಮೇಯಿಸುತ್ತ ಆ ಕಡೆ ಹೋಗಿದ್ದ ಮೋನಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ತನ್ನೂರು ಕೊಂಕಲ್ಲಿಗೆ ತಂದಿದ್ದಳು. ಬೇಡ ಅನ್ನಲು ಮನೆಯಲ್ಲಿ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ.

"ಕಾಕಾ, ಅಕಿ ನಮ್ಮವ್ವ."

"ನಾ ಇಲ್ಲ ಅಂದೆನೇನು? ರಕ್ತದ ಮಾತು ಬ್ಯಾರೆ."

ವೆಂಕಪ್ಪ ಕೆಟ್ಟವನಲ್ಲ. ಬೆಳಗಿನಿಂದ ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಪದ್ಧತಿಯ ಮಾತು ಬಂದರೆ ಮಾತ್ರ ಟಗರಿನ ಹಾಗೆ ತಲೆ ಕೊಟ್ಟು ನಿಲ್ಲುತ್ತಿದ್ದ. ಇಷ್ಟಕ್ಕೂ ಅಷ್ಟೊಂದು ಅಳುವ ಸಾವೇನೂ ಅದಾಗಿರಲಿಲ್ಲ. ತುಂಬಿದ ವಯಸ್ಸು; ಹಿಂಡನ್ನು ದೊಡ್ಡಿಗೆ ಸೇರಿಸಿ, ಚಹಾ ಕುಡಿದು, ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಿದ್ದಳು.

ಕುರಿಗಳ ಮೇಲೆ ಸಂಶೋಧನೆ ಮಾಡುವ ಪಶುವೈದ್ಯ ಲಕ್ಷ್ಮಿಕಾಂತರು ಸುದ್ದಿ ಕೇಳಿ ಯಾದಗಿರಿಯಿಂದ ಬಂದಿದ್ದರು. ವೆಂಕಪ್ಪ ಅವರ ಕಡೆ ತಿರುಗಿದ.

"ಯಾವ ಮರಿ ಯಾವ ರಕ್ತದ್ದು ಅಂತ ಹಿಡಿಯೋರು ನೀವು. ಹೇಳ್ರಿ ಸಾಹೇಬ್ರ."

ಲಕ್ಷ್ಮಿಕಾಂತರಿಗೆ ಸುಳ್ಳು ಹೇಳಲಾಗಲಿಲ್ಲ. "ಈಕಿ ರಕ್ತದಾಗ ಹುಡುಕಿದ್ರ ಮೋನಮ್ಮ ಸಿಗಂಗಿಲ್ರಿ," ಎಂದು ತಲೆ ತಗ್ಗಿಸಿದರು.

ಪರಿಮಳಾಳ ಮುಷ್ಟಿಯಿಂದ ಮಣ್ಣು ಬುಟ್ಟಿಗೆ ಸೋರಿತು.

*

ಪರಿಮಳಾ ಆರೇಳು ವರ್ಷದವಳಿದ್ದಾಗ ಲಕ್ಷ್ಮಿಕಾಂತ ಮೊದಲ ಸಲ ದೊಡ್ಡಿಗೆ ಬಂದಿದ್ದರು. ಮೋನಮ್ಮ ಮರಿಗಳ ಎಡಗಿವಿಗೆ ಎರಡು ಕಚ್ಚು ಹಾಕುತ್ತಿದ್ದಳು. ಅದು ಅವಳ ಹಿಂಡಿನ ನಿಶಾನಿ. ಹಿಂಡುಗಳು ಕಲೆತರೆ ಕಿವಿ ತಿರುಗಿಸಿ ನೋಡುತ್ತಾರೆ. ಅಲ್ಲಿಗೆ ತಕರಾರು ಮುಗಿಯಿತು. ಕತ್ತರಿಸಿ ಬಿದ್ದ ಕಿವಿಚೂರುಗಳನ್ನು ಲಕ್ಷ್ಮಿಕಾಂತ ಎತ್ತಿ ಸಣ್ಣ ಸೀಸೆಗಳಿಗೆ ಹಾಕಿಕೊಂಡರು.

"ಇದನ್ನೇನ್ ಮಾಡ್ತೀರಿ?" ಎಂದು ಮೋನಮ್ಮ ಕೇಳಿದಳು.

"ಒಳಗೂ ನಿಶಾನಿ ಇರ್ತಾವಮ್ಮ. ಡಿಎನ್‌ಎ ಒಳಗ ಒಂದೇ ಮಾತು ಮತ್ತ ಮತ್ತ ಬರ್ತದ, ನೀವು ಕುರ್ರ್ ಕುರ್ರ್ ಅಂತ ಕರದಂಗ. ಒಂದು ಕುರಿಯಾಗ ಹತ್ತು ಸಲ, ಇನ್ನೊಂದರಾಗ ಹದಿನೈದು. ಅದನ್ನ ಎಣಿಸಿದ್ರ ಯಾವ ಮರಿ ಯಾರದು, ಯಾವ ಗುಣ ಎಲ್ಲಿ ಕುಂತದ ಅಂತ ನಕ್ಷಾ ತಗೀಬಹುದು. ಇವು ಆಕಳೊಳಗ ಸಿಕ್ಕ ನಿಶಾನಿ. ಕುರಿಗೂ ನಡೀತಾವೇನಂತ ನೋಡಾಕತ್ತೀನಿ."

ಅವರು ಮತ್ತೆ ಬಂದಾಗ ಮೋನಮ್ಮ ನೀರು ಕೊಡುವ ಮೊದಲೇ ಕೇಳಿದಳು. "ನಡದ್ವೇನ್ರಿ?"

"ಭಾಳಷ್ಟು ನಡದಾವ."

"ಹಂಗಾದ್ರ ಕುರಿ ನಿಶಾನಿ ಮಂದಿಗೂ ನಡೀತದ!"

ಅದು ಹಾಗಲ್ಲವೆಂದು ವಿವರಿಸಲು ಲಕ್ಷ್ಮಿಕಾಂತ ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ಆ ವಾರವೇ ಶಹಾಪುರದಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರನ ಮುಂದೆ ಮಗಳನ್ನು ಕೂರಿಸಿ, ಬಲಗಿವಿಗೆ ಒಂದು, ಎಡಗಿವಿಗೆ ಎರಡು ತೂತು ಹಾಕಿಸಿದಳು.

"ಈ ಕಡಿ ಎರಡ್ಯಾಕಬೇ?" ಎಂದು ಪತ್ತಾರ ಕೇಳಿದ.

"ಕಳದು ಹೋದ್ರ ನನ್ನ ಮನಿಗೇ ತಂದು ಬಿಡಬೇಕಲ್ಲ."

ಅಳುತ್ತಿದ್ದ ಮಗಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದಳು. ಖಾರಕ್ಕೆ ಹುಡುಗಿ ಕಿವಿಯ ನೋವನ್ನೇ ಮರೆತಳು. ಇಬ್ಬರೂ ಮೂಗು ಒರೆಸಿಕೊಳ್ಳುತ್ತ ನಕ್ಕಿದ್ದೇ ನಕ್ಕಿದ್ದು.

*

"ಕಾಕಾ." ಪರಿಮಳಾ ಕೂದಲು ಸರಿಸಿ ಎಡಗಿವಿಯನ್ನು ಮುಂದೆ ಮಾಡಿದಳು. "ರಕ್ತ ಬಿಡ್ರಿ. ಇದನ್ನ ನೋಡ್ರಿ."

ದಿನಾ ಕಂಡ ಕಿವಿಯನ್ನು ವೆಂಕಪ್ಪ ಅಂದು ಸರಿಯಾಗಿ ನೋಡಿದ. ಕಲೆತ ಹಿಂಡಿನಲ್ಲಿ ಪಳಗಿದ ಕೈ ತಾನಾಗಿ ಮುಂದೆ ಹೋಯಿತು. ಎರಡು ಬೆರಳಲ್ಲಿ ಕಿವಿ ಹಿಡಿದು, ಬೆಳಕಿಗೆ ತಿರುಗಿಸಿದ. ಎರಡು ಹರಳು.

ಅವನಿಗೆ ನಗು ತಡೆಯಲಾಗಲಿಲ್ಲ; ಅದರ ಹಿಂದೆಯೇ ಅಳುವೂ ಬಂತು. "ಎಲ್ಲಾ ಮೊದಲೇ ಮಾಡಿಟ್ಟು ಹೋಗ್ಯಾಳ ನೋಡ್ರಿ ನಮ್ಮತ್ತಿಗಿ," ಎಂದ. ಲಕ್ಷ್ಮಿಕಾಂತರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಬಸಲಿಂಗ ಬುಟ್ಟಿಗೆ ಕೈ ಹಾಕಿದ. ವೆಂಕಪ್ಪ ಅವನ ಮುಂಗೈಯನ್ನು ಹಿಡಿದುಕೊಂಡ.

"ತಡಿಯೋ. ಮಗಳು ಮೊದಲ ಹಾಕಲಿ."

ಪರಿಮಳಾ ಬೊಗಸೆ ತುಂಬ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಬಗ್ಗಿದಳು. ಎಡಗಿವಿಯ ಹರಳುಗಳ ಸುತ್ತ ವೆಂಕಪ್ಪನ ಬೆರಳಿನ ಮಣ್ಣು ಹತ್ತಿತ್ತು.