ಅಡ್ಡಮ್ಮನ ಬಾಗಿಲು

ಅವರ ಬಲಗೈ ಮೈಗಿಂತ ಹೆಚ್ಚಾಗಿ ಬಾಗಿಲಿನ ಚೌಕಟ್ಟಿಗೇ ಸೇರಿದ್ದೇನೋ ಎಂಬ ಅನುಮಾನ ನನಗೆ ಮೊದಲ ದಿನವೇ ಬಂದಿತ್ತು. ನಾನು ತಂಗಿದ್ದ, ಕಡಲಿಗೆ ಮುಖ ಮಾಡಿದ ಆ ಪುಟ್ಟ ವಸತಿಗೃಹದಿಂದ ಯಾವ ಅತಿಥಿಯಾದರೂ ಟವೆಲು ಹೆಗಲಿಗೇರಿಸಿ ಹೊರಟನೆಂದರೆ ಸಾಕು, ಒಡತಿ ಎಲ್ಲಿದ್ದರೂ ಬಂದು ಹೊಸ್ತಿಲ ಮೇಲೆ ನಿಂತು, ಆ ಕೈಯನ್ನು ಅಗುಳಿಯಂತೆ ಅಡ್ಡ ಚಾಚುತ್ತಿದ್ದರು. ಅದು ಇಳಿಯಬೇಕಾದರೆ ಅತಿಥಿ ಪಾಠ ಒಪ್ಪಿಸಬೇಕು. ಬಾಗಿಲಿಗೆ ಅಡ್ಡ, ಮಾತಿಗೆ ಅಡ್ಡ, ಮಂಡಿನೋವಿನ ದೆಸೆಯಿಂದ ಮೆಟ್ಟಿಲಿಳಿಯುವುದೂ ಅಡ್ಡಡ್ಡವಾಗಿಯೇ. ಹೀಗಾಗಿ ಊರು ಅವರಿಗಿಟ್ಟ ಅಡ್ಡಹೆಸರು ಅಡ್ಡಮ್ಮ. ಅದನ್ನೇ ಅವರು ಹೆಮ್ಮೆಯಿಂದ ಫಲಕದ ಮೇಲೆ ಬರೆಸಿ ತೂಗುಹಾಕಿದ್ದರು.

ಸೀರೆಯ ಮೇಲೆ ಸದಾ ಗಂಡಸರ ಕೋಟು. ಯಜಮಾನರು ಮದುವೆಗೆಂದು ಹೊಲಿಸಿ, ದರ್ಜಿಯ ಕೃಪೆಯಿಂದ ಒಂದು ದಿನವೂ ತೊಡಲಾಗದೆ ಹೋದ ಆ ಕೋಟು ಹೆಂಡತಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಕೋಣೆಗಳ ಬೀಗದ ಕೈಗಳೆಲ್ಲ ಅದರ ಜೇಬಿನಲ್ಲೇ ಇದ್ದುದರಿಂದ ಅವರಿಗಿಂತ ಮೊದಲು ಅವರ ಸದ್ದು ಬರುತ್ತಿತ್ತು. ಆ ಝಣಝಣ ಕೇಳಿದೊಡನೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಯಜಮಾನರ ಬೆನ್ನು ತಾನೇ ತಾನಾಗಿ ನೆಟ್ಟಗಾಗುತ್ತಿತ್ತು.

ಬಂದವರಿಗೆಲ್ಲ ಅವರ ಉಪದೇಶ ಉಚಿತ. "ಬೋಟು ಹತ್ತೋ ಮುಂಚೆ ಬಾಡಿಗೆ ಮಾತಾಡ್ಕೊಳ್ಳಿ, ಹತ್ತಿದ ಮೇಲೆ ಅವನೇ ರಾಜ. ಹರಡಿರೋ ಬಲೆ ತುಳೀಬೇಡಿ. ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ, ನಾವೇನು ಗೋಡೆಗೆ ಹಾಕಿರೋ ಚಿತ್ರ ಅಲ್ಲ. ದಾರಿ ಕೇಳೋದಾದ್ರೆ ಇಬ್ಬರನ್ನ ಕೇಳಿ. ನಮ್ಮೋರ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತೇ ಬರಲ್ಲ, ಮರ್ಯಾದೆಗೆ ಅಂತ ಯಾವುದೋ ಒಂದು ದಾರಿ ತೋರಿಸಿಬಿಡ್ತಾರೆ." ಇವನ್ನೆಲ್ಲ ಮರೆತರೂ ಕ್ಷಮೆಯುಂಟು. ಕ್ಷಮೆಯಿಲ್ಲದ ಪಾಠ ಕೊನೆಯದು: "ಸುತ್ತ ಅಲೆ ಒಡೀತಾ ಇದ್ದು, ಮಧ್ಯ ಒಂದು ಕಡೆ ಮಾತ್ರ ನೀರು ಸುಮ್ನಿದ್ರೆ ಅಲ್ಲಿ ಇಳೀಬೇಡಿ. ಅದು ಒಳಗೆ ಎಳೆಯೋ ನೀರು. ಎಳೆದ್ರೆ ದಡದ ಕಡೆ ಈಜಬೇಡಿ, ಅಡ್ಡಕ್ಕೆ ಈಜಿ. ಏನಂದೆ, ಹೇಳಿ ನೋಡೋಣ?"

ಮೀಸೆ ನರೆತವರೂ ಮಕ್ಕಳಂತೆ ನಿಂತು ಅದನ್ನು ಒಪ್ಪಿಸಬೇಕಾಗುತ್ತಿತ್ತು. ನಿವೃತ್ತ ಅಧಿಕಾರಿಯೊಬ್ಬರು ಇದು ತಮ್ಮ ಘನತೆಗೆ ಕುಂದೆಂದು ಪೆಟ್ಟಿಗೆ ಹೊತ್ತು ಬೇರೆ ಕಡೆ ಹೋದರು. ಅಡ್ಡಮ್ಮ ಗೇಟಿನವರೆಗೂ ಹಿಂದೆಯೇ ನಡೆದು ಪಾಠವನ್ನು ಮತ್ತೊಮ್ಮೆ ಹೇಳಿ ಬಂದರು. ಇಷ್ಟೊಂದು ಹಟದ ಹಿಂದೆ ಯಾವುದೋ ದುರಂತವಿರಬೇಕೆಂದು ಊಹಿಸಿ ನಾನೊಮ್ಮೆ ದನಿ ತಗ್ಗಿಸಿ, ನಿಮ್ಮವರು ಯಾರಾದರೂ ಕಡಲುಪಾಲಾದರೇ ಎಂದು ಕೇಳಿದೆ. "ಯಾರೂ ಹೋಗಿಲ್ಲ. ಹೇಳೋಕೆ ಯಾರಾದ್ರೂ ಸಾಯ್ಲೇಬೇಕಾ?" ಎಂದರು. ಸಿದ್ಧಮಾಡಿಟ್ಟುಕೊಂಡಿದ್ದ ನನ್ನ ಅನುಕಂಪವೆಲ್ಲ ದಂಡವಾಯಿತು. ಅಂದಿನಿಂದ ನನಗೆ ಅವರ ಮೇಲೆ ಅಭಿಮಾನ ಹೆಚ್ಚಿತು.

ಆ ಹಟಕ್ಕೆ ನಿಜವಾದ ಪರೀಕ್ಷೆ ಬಂದದ್ದು ಹೊಸ ಅಳಿಯ ಮೊದಲ ಸಲ ಮನೆಗೆ ಬಂದಾಗ. ಅವರು ಈಜಿನಲ್ಲಿ ಪದಕಗಳನ್ನು ಗೆದ್ದವರು. ಮಾತು ಕಡಿಮೆ, ಮುನಿಸು ಬೇಗ. ಮಗಳು ಮೊದಲೇ ಎಚ್ಚರಿಸಿದ್ದಳು: "ಅಮ್ಮಾ, ಇವರ ಹತ್ರ ನಿನ್ನ ಪಾಠ ಬೇಡ. ಅಳಿಯ ಕಣಮ್ಮಾ, ಗಿರಾಕಿ ಅಲ್ಲ." ಯಜಮಾನರೂ ಕೈಮುಗಿದರು. ಅಡ್ಡಮ್ಮ ಅಳಿಯನಿಗೆಂದು ಹೊಸ ಟವೆಲೊಂದನ್ನು ತೆಗೆದಿಟ್ಟರು.

ಮರುದಿನ ಬೆಳಿಗ್ಗೆ ಅಳಿಯ ಟವೆಲು ಹೆಗಲಿಗೇರಿಸಿದರು. ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದ ನನಗೆ ಝಣಝಣ ಕೇಳಿಸಿತು. ಕೈ ಚಾಚಿತು. ಅಳಿಯನ ಮುಖ ಕೆಂಪೇರಿತು; ಆದರೂ ಸಾವರಿಸಿಕೊಂಡು, ಮಗ್ಗಿ ಹೇಳುವ ಮಕ್ಕಳ ರಾಗದಲ್ಲಿ "ಅಡ್ಡಕ್ಕೆ ಈಜಿ, ಅಡ್ಡಕ್ಕೆ ಈಜಿ" ಎಂದು ಅಣಕಿಸುತ್ತ ಕೈಯಡಿಯಲ್ಲಿ ನುಸುಳಿ ನಡೆದೇಬಿಟ್ಟರು. ಮಗಳು ಕಣ್ಣೀರಿಟ್ಟಳು. "ಸಿಟ್ಟಾದ ಅಳಿಯನನ್ನ ಸಮಾಧಾನ ಮಾಡಬಹುದು ಬಿಡು" ಎಂದಷ್ಟೇ ಹೇಳಿ ಅಡ್ಡಮ್ಮ ಒಳಗೆ ಹೋದರು.

ಊಟದ ಹೊತ್ತು ಮೀರಿತು. ಹುಡುಕಲು ಹೋದ ಯಜಮಾನರು ಅಳಿಯನ ಚಪ್ಪಲಿಗಳನ್ನು ಮಾತ್ರ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ನಿಂತಿದ್ದ ಅಡ್ಡಮ್ಮನ ಬಲಗೈ ಆಗ ಪಕ್ಕದಲ್ಲಿ ಜೋತುಬಿದ್ದಿತ್ತು. ಅದನ್ನು ಹಾಗೆ ನೋಡಿ ನನಗೆ ನಿಜವಾಗಿಯೂ ಭಯವಾಯಿತು.

ಎಲ್ಲರೂ ಕಡಲ ಕಡೆ ನೋಡುತ್ತಿದ್ದಾಗ ಅಳಿಯ ಬಂದದ್ದು ಪೇಟೆಯ ಕಡೆಯಿಂದ! ಬರಿಗಾಲು, ಒದ್ದೆ ಚಡ್ಡಿ, ಮೈತುಂಬ ಮರಳು. ಹಟಕ್ಕೆ ಬಿದ್ದು ಆ ಸುಮ್ಮನಿದ್ದ ನೀರಿಗೇ ಇಳಿದಿದ್ದರಂತೆ. ತೋಳು ಸೋಲುವವರೆಗೂ ದಡದತ್ತ ಈಜಿದರೂ ದಡ ದೂರವೇ ಆಗುತ್ತಿತ್ತಂತೆ. ಇನ್ನಾಗದು ಎನ್ನುವಾಗ ಬೆಳಗಿನ ಅಣಕದ ರಾಗ ತಾನಾಗಿ ಬಾಯಿಗೆ ಬಂತಂತೆ. ಅಡ್ಡಕ್ಕೆ ತಿರುಗಿ ಈಜಿ, ಎಳೆತದಿಂದ ಹೊರಬಿದ್ದು, ಎಷ್ಟೋ ದೂರದಲ್ಲಿ ದಡ ಹತ್ತಿ, ಊರೆಲ್ಲ ನೋಡುತ್ತಿರಲು ನಡೆದು ಬಂದಿದ್ದರು.

ಹೊಸ್ತಿಲಲ್ಲಿ ಬಲಗೈ ಮತ್ತೆ ಎದ್ದಿತು.

"ಏನಂದಿದ್ದೆ?"

"ಅಡ್ಡಕ್ಕೆ, ಅತ್ತೆ. ಅಡ್ಡಕ್ಕೆ ಅಂದಿದ್ರಿ." ಈ ಸಲ ರಾಗವಿರಲಿಲ್ಲ.

ಅಡ್ಡಮ್ಮ ಕೋಟು ಬಿಚ್ಚಿ ಅಳಿಯನಿಗೆ ತೊಡಿಸಿದರು. ಅದರ ತೋಳು ಮೊಣಕೈಗೇ ನಿಂತಿತು. "ನನಗೂ ಹೀಗೇ ಆಗಿತ್ತಪ್ಪಾ" ಎಂದು ಯಜಮಾನರು ಅಳುತ್ತಲೇ ನಕ್ಕರು.

ಕಡಲಿರಲಿ ಇಲ್ಲದಿರಲಿ, ಇಂಥವರು ಎಲ್ಲ ಊರಿನಲ್ಲೂ ಒಬ್ಬೊಬ್ಬರಿರುತ್ತಾರೆ. ಕೈಬೀಸಿ ಬೀಳ್ಕೊಡಲು ನಮಗೆ ಬೇಕಾದಷ್ಟು ಜನ ಸಿಗುತ್ತಾರೆ; ನಮ್ಮ ಮುನಿಸಿಗೆ ಅಂಜದೆ ಕೈಚಾಚಿ ತಡೆಯುವವರನ್ನು ಮಾತ್ರ ಅಧಿಕಪ್ರಸಂಗಿಗಳೆಂದು ದೂರುತ್ತೇವೆ, ಅಡ್ಡಹೆಸರಿಟ್ಟು ನಗುತ್ತೇವೆ. ಅದರಿಂದ ಅವರಿಗೇನೂ ಬೇಸರವಿಲ್ಲ. ನಗುವುದಕ್ಕಾದರೂ ನಾವು ಮರಳಿ ಬಂದರೆ ಅವರಿಗೆ ಅಷ್ಟೇ ಸಾಕು.