ಇನ್ನೊಂದು ರಿಬ್ಬನ್

ಮತ್ತೆ ಟಿಂಗ್ ಅಂದಿತು, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ತೊಡೆಯ ಮೇಲಿನ ಟೈಪ್‌ರೈಟರ್ ತಾನೇ ಗಂಟೆ ಹೊಡೆದುಕೊಳ್ಳುತ್ತದೆ, ಏನಮ್ಮ, ಹಾರ್ಮೋನಿಯಮ್ಮಾ, ಎಲ್ಲಿ ಭಜನೆ ಅಂತ ಕಂಡಕ್ಟರ್ ನಗುತ್ತಾ ಲಗೇಜ್ ಟಿಕೆಟ್ ಹರಿದ, ನಗಲಿ ಮಾರಾಯ, ಟೈಪಿಸ್ಟ್ ಕೆಲಸದ ಪರೀಕ್ಷೆಗೆ ಮೆಷಿನ್ ನಾವೇ ತರಬೇಕು ಅಂತ ಅವರು ಕಳಿಸಿದ ಕಾರ್ಡಿನಲ್ಲಿ ಬರೆದಿದ್ದರೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರದೆ ಏನು ಮಾಡಲಿ, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶಿವಮೂರ್ತಪ್ಪ ಮೇಷ್ಟ್ರು ಮೆಷಿನ್ನಿಗೆ ಬಾಡಿಗೆ ಬೇಡ ಅಂದರು, ಹೊಸ ಮಸಿ ರಿಬ್ಬನ್ ಒಂದನ್ನು ಬ್ಯಾಗಿಗೆ ತುರುಕಿ, ಇಟ್ಕೋ ಪುಟ್ಟಲಕ್ಷ್ಮಿ, ಇದು ನಿನ್ ಕಡೇ ಚಾನ್ಸು ಕಣಮ್ಮ — ಗೊತ್ತು, ಬರುವ ತಿಂಗಳು ಮೂವತ್ತೈದು ತುಂಬುತ್ತದೆ, ಆಮೇಲೆ ಅರ್ಜಿ ಹಾಕುವ ಹಾಗೂ ಇಲ್ಲ, ಒಂದು ಹುದ್ದೆಗೆ ಹತ್ತೊಂಬತ್ತು ಜನ, ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಈ ಸಲ ಬರಿಗೈಲಿ ಹೋದರೆ ಅವ್ವ ಏನೂ ಅನ್ನುವುದಿಲ್ಲ, ಸುಮ್ಮನೆ ಅನ್ನ ಬಡಿಸುತ್ತಾಳೆ, ಅದೇ ನನಗೆ ಭಯ.

ಬಸ್ಸಿಳಿದು ಒಂದು ಗಂಟೆಯಾಯಿತು, ಪರೀಕ್ಷೆಯ ಹಾಲಿನಲ್ಲಿ ಕೂತಿದ್ದರೂ ತೊಡೆ ಇನ್ನೂ ನೋಯುತ್ತಿದೆ, ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಿದ್ದಾಗ ಗುರುತಿಲ್ಲದ ಹುಡುಗಿಯೊಬ್ಬಳು ಬಂದಳು, ಅಕ್ಕಾ, ಆ ಕಡೆ ನೀವ್ ಹಿಡ್ಕೊಳ್ಳಿ, ಈ ಕಡೆ ನಾನ್ ಹಿಡೀತೀನಿ, ಹೊಳಲೂರಿನವಳಂತೆ, ರಂಜಿನಿ ಅಂತೆ, ಇಪ್ಪತ್ತೆರಡಂತೆ, ನನ್ನದನ್ನು ಮೇಲೆ ಮುಟ್ಟಿಸಿ ಆಮೇಲೆ ತನ್ನದನ್ನು ಹೊತ್ತು ತಂದಳು, ಪಕ್ಕದ ಬೆಂಚಿನಲ್ಲೇ ಕೂತಳು, ಮೆಷಿನ್ ಸರಿ ನೋಡ್ಕೊಳ್ಳಿ, ಐದೇ ನಿಮಿಷ ಅಂದರು ಪರೀಕ್ಷೆ ನಡೆಸುವ ಸಾಹೇಬರು, ಅಷ್ಟರಲ್ಲಿ ಅವಳ ರಿಬ್ಬನ್ ತುಂಡಾಯಿತು. ಅಕ್ಕಾ, ಎಕ್ಸ್‌ಟ್ರಾ ರಿಬ್ಬನ್ ಏನಾದ್ರೂ ಇದ್ಯಾ? ಇಲ್ವಲ್ಲಮ್ಮ — ಯಾರು ಅಂದಿದ್ದು, ನಾನೇ, ಯೋಚನೆಗೆ ಮುಂಚೆ ಬಾಯಿ ಅಂದುಬಿಟ್ಟಿತು, ಅವಳು ನಂಬಿದಳು, ಅದೂ ತಪ್ಪು, ಹಾಗೆ ನಂಬಬಾರದಿತ್ತು, ತುಂಡಾದ ಎರಡು ತುದಿಗಳನ್ನು ಗಂಟು ಹಾಕುತ್ತಿದ್ದಾಳೆ, ಬೆರಳೆಲ್ಲ ಮಸಿ, ನನ್ನದೂ ನಡುವೆ ತುಂಡಾದರೆ, ಆಗ ಯಾರು ಕೊಡುತ್ತಾರೆ, ಅವಳಿಗೆ ಇನ್ನೂ ಹದಿಮೂರು ವರ್ಷ ಇದೆ, ಹದಿಮೂರು ವರ್ಷ, ನನಗೆ ಈ ಹತ್ತು ನಿಮಿಷದ ಪರೀಕ್ಷೆ ಒಂದೇ, ಬ್ಯಾಗು ಕಾಲಿಗೆ ತಗಲುತ್ತಿದೆ, ಈಗಲೂ ಕೊಡಬಹುದು, ಅಯ್ಯೋ ಇತ್ತು ನೋಡು, ಮರ್ತೇಬಿಟ್ಟಿದ್ದೆ ಅಂದರಾಯಿತು, ಬಗ್ಗಿದರೆ ಸಾಕು, ಬಗ್ಗು, ಬೆನ್ನು ಬಗ್ಗುತ್ತಿಲ್ಲ.

ಸ್ಟಾರ್ಟ್ ಅಂದರು. ಹಾಲಿಗೆ ಹಾಲೇ ಕಟಕಟ ಅನ್ನುತ್ತಿದೆ, ಈ ಮೂಲಕ ತಿಳಿಸುವುದೇನೆಂದರೆ, ಹೊಡೆದೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹೊಡೆದೆ, ಪಕ್ಕದಿಂದ ಒಂದು ಅಕ್ಷರ ಬೀಳುತ್ತದೆ, ನಿಲ್ಲುತ್ತದೆ, ಗಂಟು ಸಿಕ್ಕಿಕೊಂಡಿದೆ, ನೋಡಬೇಡ, ನೋಡಿದೆ, ಎಡಗೈಯಲ್ಲಿ ರಿಬ್ಬನ್ ಎಳೆಯುತ್ತಾ ಬಲಗೈಯ ಒಂದೇ ಬೆರಳಲ್ಲಿ ಹೊಡೆಯುತ್ತಿದ್ದಾಳೆ, ಬೆವರು ಒರೆಸಿಕೊಂಡಲ್ಲಿ ಹಣೆಗೂ ಮಸಿ, ನನ್ನ ಕೈ ನಿಂತಿದೆ, ಯಾಕೆ ನಿಂತಿದೆ, ಅವಳು ತಿರುಗಿ ನನ್ನನ್ನೇ ನೋಡಿದಳು, ಮೆಲ್ಲಗೆ, ಅಕ್ಕಾ, ನೀವ್ ಹೊಡೀರಿ, ಟೈಮ್ ಹೋಗ್ತಿದೆ — ಈ ಮೂಲಕ ತಿಳಿಸುವುದೇನೆಂದರೆ, ತಿಳಿಸುವುದೇನೆಂದರೆ, ಮುಂದಿನ ಪದ ಕಾಣುತ್ತಿಲ್ಲ, ಬರೀ ಆ ಮಸಿ ಬೆರಳು, ಎಳೆಯುತ್ತದೆ, ಹೊಡೆಯುತ್ತದೆ, ಎಳೆಯುತ್ತದೆ, ಆ ಬೆರಳು…