ಭಂಡಾರ ಹತ್ತಿದ ಹಾಲ್ ಟಿಕೆಟ್

"ಹಾಲ್ ಟಿಕೆಟ್ ಇಲ್ಲವ್ವಾ" ಎಂದಳು ನನ್ನ ಮಗಳು ಮೇಘಾ.

ಗೋಕಾಕದ ಪರೀಕ್ಷಾ ಕೇಂದ್ರದ ಮುಂದೆ, ಬೇವಿನ ಮರದ ಕೆಳಗೆ ನಿಂತಿದ್ದೆವು. ಹತ್ತನೆಯ ತರಗತಿಯ ಮೊದಲ ಪರೀಕ್ಷೆ. ಹತ್ತೂವರೆಗೆ ಗೇಟು ಹಾಕುತ್ತಾರೆ, ಆಗಲೇ ಹತ್ತಕ್ಕೆ ಹತ್ತು ನಿಮಿಷವಿತ್ತು. ಬ್ಯಾಗು ಕಿತ್ತುಕೊಂಡು ನೆಲಕ್ಕೆ ಸುರಿದೆ. ಪೆನ್ನು, ಸ್ಕೇಲು, ನೀರಿನ ಬಾಟಲಿ, ಮಡಚಿದ ಒಂದು ಚೀಟಿ. ಅಷ್ಟೇ.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಈ ವರ್ಷ ಇವಳು ಮೂರು ಕೊಡೆ, ಎರಡು ಡಬ್ಬಿ, ಒಂದು ಚಪ್ಪಲಿ ಕಳೆದಿದ್ದಾಳೆ. ಒಂದೇ ಚಪ್ಪಲಿ ಹೇಗೆ ಕಳೆಯುತ್ತದೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಘಟಪ್ರಭಾದ ಡಾಕ್ಟರಮ್ಮ, "ಇದು ಆಲಸ್ಯ ಅಲ್ರಿ. ಗಮನ ನಿಲ್ಲಲಾರದ ತೊಂದ್ರಿ, ಎಡಿಎಚ್‌ಡಿ ಇರಬಹುದು. ಬೆಳಗಾವಿಗೆ ಹೋಗಿ ತೋರಸ್ರಿ. ಅಲ್ಲೀತನಕ ಪಟ್ಟಿ ಬರಕೊಂಡು ಆಕಿ ಬ್ಯಾಗ್ ಆಕಿನ ತುಂಬ್ಲಿ. ನೀವು ಕಡೀಗೊಮ್ಮೆ ನೋಡ್ರಿ, ಸಾಕು" ಎಂದಿದ್ದರು. ಪಟ್ಟಿ ಬರೆದರೆ ಬುದ್ಧಿ ಬರುತ್ತದೆಯೇ ಎಂದು ನಾನು ನಕ್ಕಿದ್ದೆ.

"ನಿನ್ನೇನ ಇಟ್ಟಿದ್ನೆವ್ವಾ, ಖರೆ."

"ಇಟ್ಟಿದ್ರ ರೆಕ್ಕಿ ಬಂದು ಹಾರಿ ಹೋತೇನು?"

ಎಲ್ಲರೆದುರು ಕೆನ್ನೆಗೆ ಬಾರಿಸಿದೆ. ಅವಳು ಅಳಲಿಲ್ಲ. ನೆಲ ನೋಡುತ್ತ, "ಇಟ್ಟಿಲ್ಲ ಕಾಣತೈತಿ. ನನ್ನ ತಲಿನ ಹಂಗೈತಿ" ಎಂದಳು.

ಉರಿಯುತ್ತಿದ್ದ ಅಂಗೈ ನೋಡಿಕೊಂಡೆ. ಹೆಬ್ಬೆರಳಿನ ಉಗುರಿನ ಸುತ್ತ ಹಳದಿ. ಭಂಡಾರ! ದೇವರ ಅರಿಸಿನ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಬ್ಯಾಗಿನಿಂದ ಹಾಲ್ ಟಿಕೆಟ್ ತೆಗೆದು, ದೇವರ ಜಗಲಿಯ ಮೇಲಿಟ್ಟು, ಭಂಡಾರ ಹಚ್ಚಿ ಕೈಮುಗಿದವಳು ನಾನೇ. ಅಷ್ಟರಲ್ಲಿ ಹಾಲು ಉಕ್ಕಿತೆಂದು ಒಲೆಯ ಕಡೆ ಓಡಿದ್ದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಒಬ್ಬಳು. ನಾನು ಆ ಕೂಸಿಗೆ ಹೊಡೆದೂ ಬಿಟ್ಟಿದ್ದೆ.

ಮೊಬೈಲ್ ಹಿಡಿದು ಅವಳಿಗೆ ಕೇಳದಷ್ಟು ದೂರ ಹೋದೆ. ಮೇಲವಂಕಿಯ ನಮ್ಮ ಮನೆಯಲ್ಲಿದ್ದ ಮೈದುನ ಯಲ್ಲಾಲಿಂಗನಿಗೆ ಹೇಳಿದೆ: "ದೇವರ ಜಗಲಿ ಮ್ಯಾಲ ಹಾಲ್ ಟಿಕೆಟ್ ಐತಿ. ಲಗೂನ ಗಾಡಿ ಹೊಡಕೊಂಡು ಬಾ."

"ಅಲ್ಲಿಗೆ ಹೆಂಗ ಹೋತ್ರಿ ವೈನಿ?"

"ಮೊದಲ ಬಾ!"

ಮರಳಿ ಬಂದು, "ಕಾಕಾ ತರಾಕತ್ತಾನ" ಎಂದೆ. ಎಲ್ಲಿತ್ತೆಂದು ಹೇಳಲು ಬಾಯಿ ಬರಲಿಲ್ಲ, ಅಷ್ಟು ನಾಚಿಕೆ. ಮಕ್ಕಳೆಲ್ಲ ಒಳಗೆ ಹೋದರು. ಮೇಘಾ ಬಿದ್ದ ಪೆನ್ನು ಆರಿಸಿಕೊಳ್ಳುತ್ತ, "ಪೆನ್ ಇಟ್ನಿ, ಸ್ಕೇಲ್ ಇಟ್ನಿ, ನೀರ ಇಟ್ನಿ..." ಎಂದು ಬೆರಳು ಮಡಚುತ್ತಿದ್ದಳು. ನಾಲ್ಕನೆಯ ಬೆರಳಿಗೆ ನಿಂತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಕಾವಲುಗಾರ ಗೇಟಿಗೆ ಕೈಹಚ್ಚಿದ.

ಹತ್ತು ಇಪ್ಪತ್ತೇಳಕ್ಕೆ ಯಲ್ಲಾಲಿಂಗನ ಗಾಡಿ ಬಂತು. ಮೇಘಾ ಹಾಲ್ ಟಿಕೆಟ್ ಕಸಿದುಕೊಂಡಳು. ಮೂಲೆಯಲ್ಲಿ ಹಳದಿ ಕಂಡು ನನ್ನ ಮುಖ ನೋಡಿದಳು.

"ನಾನ ತಗದಿದ್ನಿ. ನೀ ಇಟ್ಟಿದ್ದಿ. ತಪ್ಪು ನಂದು" ಎಂದೆ.

ಬೈಯುತ್ತಾಳೆಂದುಕೊಂಡೆ. ಅವಳ ಮುಖ ಅರಳಿತು. "ಹಂಗಾರ ನಾ ಮರತಿರಲಿಲ್ಲ! ಕಾಕಾ, ನಾ ಮರತಿರಲಿಲ್ಲ!" ಎಂದು ಕೂಗುತ್ತಲೇ ಒಳಗೆ ಓಡಿದಳು. ಹಿಂದೆಯೇ ಗೇಟು ಮುಚ್ಚಿತು.

ಚೀಟಿ ಅಲ್ಲೇ ಬಿದ್ದಿತ್ತು. ಎತ್ತಿ ಬಿಚ್ಚಿದೆ. ಅವಳ ಸೊಟ್ಟ ಅಕ್ಷರದ ಐದು ಸಾಲು. ಪೆನ್ನು, ಸ್ಕೇಲು, ನೀರು, ಹಾಲ್ ಟಿಕೆಟ್, ನಾಲ್ಕರ ಮುಂದೆಯೂ ರೈಟ್ ಗುರುತು. ಕೊನೆಯದರ ಮುಂದೆ ಮಾತ್ರ ಇರಲಿಲ್ಲ: "ಅವ್ವಗ ತೋರಸೂದು."

ಬೆಳಿಗ್ಗೆ ಬ್ಯಾಗು ತೆರೆದುಕೊಂಡು ಎರಡು ಸಲ ನನ್ನ ಮುಂದೆ ಬಂದು ನಿಂತಿದ್ದಳು. ಬಸ್ಸು ತಪ್ಪುತ್ತದೆ, ನಡಿ ಎಂದು ನಾನೇ ಗದರಿದ್ದೆ.